ಹಿಮದಷ್ಟು ಬಿಳುಪೋ, ಮಲ್ಲಿಗೆಯಷ್ಟು ಬಿಳುಪೋ?

ಉಪಮೆ ಎಂದೊಡನೆ ನಮ್ಮಲ್ಲಿ ಹಲವರಿಗೆ ಕಾಳಿದಾಸನ ನೆನಪಾಗುತ್ತದೆ. ಇನ್ನು ಕೆಲವರಿಗೆ ಪರೀಕ್ಷೆಯ ನೆನಪಾಗುತ್ತದೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಮಹಾಕವಿಗಳ ಉಪಮೆಗಳನ್ನು ಕುರಿತು ಬರೆಯುವ ಯೋಗ್ಯತೆ ನನಗಿಲ್ಲ. ಆ ಕೆಲಸವನ್ನು ನಮ್ಮ ಕನ್ನಡ ವಿಭಾಗದ ಗುರುಗಳು ತರಗತಿಯಲ್ಲಿ ನನಗಿಂತ ಸಾವಿರ ಪಾಲು ಚೆನ್ನಾಗಿ ಮಾಡುತ್ತಾರೆ. ನಾನಿಲ್ಲಿ ಹೇಳಹೊರಟಿರುವುದು ದಿನಬಳಕೆಯ ಇಂಗ್ಲಿಷಿನಲ್ಲಿ ಸಾಮಾನ್ಯ ಜನ ಆಡುವ ಹೋಲಿಕೆಗಳ ವಿಚಾರ: ಸೌತೆಕಾಯಿ, ಬಾಗಿಲ ಮೊಳೆ, ಚರ್ಚಿನ ಇಲಿ, ಟೋಪಿ ಮಾಡುವವ ಮುಂತಾದವರ ವಿಚಾರ. ಇಷ್ಟು ಅಲ್ಪ ವಿಷಯಕ್ಕೆ ಕಾಲೇಜಿನ ವಾರ್ಷಿಕ ಸಂಚಿಕೆಯ ಪುಟಗಳನ್ನು ವ್ಯಯ ಮಾಡಬೇಕೆ ಎಂದು ವಾಚಕರು ಕೇಳಬಹುದು. ವಿಷಯ ಅಲ್ಪವಲ್ಲವೆಂಬುದೇ ನನ್ನ ವಾದ. ಅದನ್ನು ನನ್ನ ಸ್ವಂತ ಅನುಭವದಿಂದಲೇ ಆರಂಭಿಸುತ್ತೇನೆ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಡೆದ ಸಂಗತಿ. ಇಂಗ್ಲಿಷ್ ಪ್ರಶ್ನಪತ್ರಿಕೆಯಲ್ಲಿ ಬಿಟ್ಟ ಸ್ಥಳಗಳನ್ನು ತುಂಬುವ ಐದು ಪ್ರಶ್ನೆಗಳಿದ್ದವು. ಅವುಗಳಲ್ಲೊಂದು 'ಆ್ಯಸ್ ವೈಟ್ ಆ್ಯಸ್' ಎಂದು ಹೇಳಿ, ಮುಂದೆ ಒಂದು ಗೆರೆ ಎಳೆದು ನಿಂತಿತ್ತು. ನಮ್ಮವ್ವ ಆ ಕಾಲದಲ್ಲಿ ಮಲ್ಲಿಗೆ ಕಟ್ಟಿ ಸಂತೆಯಲ್ಲಿ ಮಾರುತ್ತಿದ್ದಳು. ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಒದ್ದೆ ಬಟ್ಟೆಯ ಮೇಲೆ ಮೊಗ್ಗುಗಳನ್ನು ರಾಶಿ ಹಾಕಿಕೊಂಡು, ಬಾಳೆನಾರಿನಲ್ಲಿ ಕಟ್ಟಲು ಕೂರುತ್ತಿದ್ದಳು. ಆ ಮಸಕು ಬೆಳಕಿನಲ್ಲಿ ಆ ರಾಶಿಯೊಂದೇ ಬೆಳ್ಳಗೆ ಕಾಣುತ್ತಿತ್ತು. ಅದಕ್ಕಿಂತ ಬಿಳಿಯದಾದ ವಸ್ತು ಜಗತ್ತಿನಲ್ಲಿ ಬೇರೊಂದಿದೆಯೆಂದು ನನಗೆ ತಿಳಿದಿರಲಿಲ್ಲ. ಆದ್ದರಿಂದ ಗೆರೆಯ ಮೇಲೆ 'ಜಾಸ್ಮಿನ್' ಎಂದು ಬರೆದೆ. ಕಾಗುಣಿತದಲ್ಲಿಯೂ ತಪ್ಪು ಮಾಡಲಿಲ್ಲ. ಕೂದಲೆಣ್ಣೆಯ ಸೀಸೆಯ ಮೇಲೆ ದಿನವೂ ಓದಿ ಕಲಿತಿದ್ದೆ.

ಉತ್ತರ ಪತ್ರಿಕೆ ಹಿಂದಿರುಗಿ ಬಂದಾಗ ನನ್ನ ಮಲ್ಲಿಗೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಪಕ್ಕದಲ್ಲಿ 'ಸ್ನೋ' ಎಂದು ಬರೆದಿತ್ತು. ನಾನು ಎದ್ದು ನಿಂತು, "ಸಾರ್, ಮಲ್ಲಿಗೆಯೂ ಬಿಳಿಯದೇ ಅಲ್ಲವೇ?" ಎಂದು ಕೇಳಿದೆ. "ಬಿಳಿಯದೇ. ಆದರೆ ಪುಸ್ತಕದಲ್ಲಿರುವುದು ಸ್ನೋ. ಪಟ್ಟಿಯನ್ನು ಬಾಯಿಪಾಠ ಮಾಡು" ಎಂದರು ಮೇಷ್ಟರು. ಹಿಂದಿನ ಬೆಂಚಿನಿಂದ ಯಾರೋ, "ಹೂವಾಡಗಿತ್ತಿ ಮಗನಲ್ಲವಾ, ಇನ್ನೇನು ಬರೀತಾನೆ" ಎಂದರು. ತರಗತಿಯೆಲ್ಲ ನಕ್ಕಿತು. ಮೇಷ್ಟರು ಕೆಟ್ಟವರಲ್ಲ, ಅವರಿಗೂ ಆ ಪಟ್ಟಿಯನ್ನು ಯಾರೋ ಹಾಗೆಯೇ ಕೊಟ್ಟಿದ್ದರು. ಹೋದದ್ದು ಒಂದು ಅಂಕ. ಅದರ ಚಿಂತೆ ನನಗಿಲ್ಲ. ಆದರೆ ಅಂದಿನಿಂದ ಇಂಗ್ಲಿಷಿನಲ್ಲಿ ನನ್ನ ಕಣ್ಣಿಗೆ ಕಂಡದ್ದನ್ನು ಬರೆಯುವುದನ್ನೇ ನಾನು ಬಿಟ್ಟುಬಿಟ್ಟೆ. ಪುಸ್ತಕದಲ್ಲಿದ್ದದ್ದನ್ನು ಮಾತ್ರ ಬರೆದೆ. ಹೆಚ್ಚು ಅಂಕಗಳೂ ಬಂದವು. ಪದವಿ ತರಗತಿಗೆ ಬರುವವರೆಗೂ ಆ ಭಾಷೆಯಲ್ಲಿ ನನ್ನದೆಂಬ ಒಂದು ವಾಕ್ಯವನ್ನಾದರೂ ನಾನು ಬರೆದ ನೆನಪಿಲ್ಲ.

ಈಚೆಗೆ ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ದಪ್ಪನೆಯ ಇಂಗ್ಲಿಷ್ ನಿಘಂಟೊಂದನ್ನು ತಿರುವಿಹಾಕುತ್ತಿದ್ದಾಗ 'ಮಿಲ್ಕ್-ವೈಟ್' ಎಂಬ ಶಬ್ದ ಕಣ್ಣಿಗೆ ಬಿದ್ದಿತು. ಹಾಲಿನಷ್ಟು ಬಿಳಿ ಎಂದು ಇಂಗ್ಲಿಷರೂ ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಅದರ ಜೊತೆಗೆ 'ಲಿಲಿ-ವೈಟ್' ಇದೆ, ಅದು ಹೂವೇ. ಹೆದರಿ ಬಿಳಿಚಿಕೊಂಡವನ ಮುಖವನ್ನು ಹಾಸಿಗೆಯ ಮೇಲಿನ ಬಿಳಿಯ ಬಟ್ಟೆಗೆ ಹೋಲಿಸಿ 'ಆ್ಯಸ್ ವೈಟ್ ಆ್ಯಸ್ ಎ ಶೀಟ್' ಎನ್ನುವುದೂ ಇದೆ. ಎಂದರೆ ಆ ಗೆರೆಯ ಮೇಲೆ ಬರೆಯಬಹುದಾದ ಉತ್ತರಗಳು ಇಂಗ್ಲೆಂಡಿನಲ್ಲಿಯೇ ಕಡೆಯ ಪಕ್ಷ ನಾಲ್ಕು. ನಮ್ಮ ಪಟ್ಟಿಗೆ ಮಾತ್ರ ಒಂದೇ ಸಾಕಾಗಿತ್ತು. ಹಿಮವನ್ನು ಆ ತರಗತಿಯಲ್ಲಿ ವಿದ್ಯಾರ್ಥಿಗಳೂ ಕಂಡಿರಲಿಲ್ಲ, ಮೇಷ್ಟರೂ ಕಂಡಿರಲಿಲ್ಲ.

ಈಗ ಸ್ವಲ್ಪ ಶಾಸ್ತ್ರದ ಕಡೆಗೆ ತಿರುಗೋಣ. ನಮ್ಮ ಅಲಂಕಾರಶಾಸ್ತ್ರದ ಪ್ರಕಾರ ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದೋ ಎರಡೋ ಬಿಟ್ಟುಹೋದರೆ ಲುಪ್ತೋಪಮೆ. ದಂಡಿಯು ಸಂಸ್ಕೃತದಲ್ಲಿ ವಿವರಿಸಿದ ಅಲಂಕಾರಗಳನ್ನು ಸುಮಾರು ಕ್ರಿ.ಶ. 850ರ ಹೊತ್ತಿಗೆ ಕವಿರಾಜಮಾರ್ಗವು ಕನ್ನಡಕ್ಕೆ ಒಗ್ಗಿಸಿಕೊಟ್ಟಿತು. ಈ ಅಳತೆಗೋಲನ್ನು ಹಿಡಿದು ನೋಡಿದರೆ ದಿನಬಳಕೆಯ ಇಂಗ್ಲಿಷಿನ ಹೋಲಿಕೆಗಳಲ್ಲಿ ಎರಡು ಬಗೆ ಕಾಣುತ್ತವೆ. 'ಹಿ ಈಸ್ ಆ್ಯಸ್ ಕೂಲ್ ಆ್ಯಸ್ ಎ ಕುಕುಂಬರ್' ಎಂಬಲ್ಲಿ ನಾಲ್ಕೂ ಅಂಗಗಳಿವೆ. ಅವನು ಸೌತೆಕಾಯಿಯಂತೆ ಇರುವುದು ಯಾವುದರಲ್ಲಿ ಎಂದು ನಾವು ಊಹಿಸಬೇಕಾಗಿಲ್ಲ. ತಣ್ಣಗಿರುವುದರಲ್ಲಿ ಎಂದು ವಾಕ್ಯವೇ ಹೇಳುತ್ತದೆ. ಆದರೆ 'ಲೈಕ್' ಎಂಬ ಶಬ್ದವನ್ನು ಹಿಡಿದು ಬರುವ ಹೋಲಿಕೆಗಳಲ್ಲಿ ಸಮಾನಧರ್ಮ ಅನೇಕವೇಳೆ ಬಿಟ್ಟುಹೋಗಿರುತ್ತದೆ. 'ಅವನು ಸಿಂಹದ ಹಾಗೆ' ಎಂದರೆ ಸಿಂಹದ ಯಾವ ಗುಣ? ಶೌರ್ಯವೋ, ಗರ್ಜನೆಯೋ, ಮಧ್ಯಾಹ್ನವೆಲ್ಲ ನೆರಳಿನಲ್ಲಿ ಮಲಗಿರುವ ಸೋಮಾರಿತನವೋ? ಬಿಟ್ಟುಹೋದ ಅಂಗವನ್ನು ಕೇಳುವವನೇ ತುಂಬಿಕೊಳ್ಳಬೇಕು. ಅವನು ಅದನ್ನು ತುಂಬಿಕೊಳ್ಳುವುದು ತನ್ನ ಊರಿನಿಂದ, ತನ್ನ ಮನೆಯಿಂದ, ತನ್ನ ಅಜ್ಜಿ ಹೇಳಿದ ಕಥೆಯಿಂದ. ತೊಡಕು ಹುಟ್ಟುವುದು ಇಲ್ಲಿಯೇ.

ನನ್ನ ಗೆಳೆಯನೊಬ್ಬ ತನ್ನ ಊರಿನಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರ ಸನ್ಮಾನಕ್ಕೆ ಭಾಷಣ ಬರೆದ. ಇಂಗ್ಲಿಷಿನಲ್ಲಿ ಎಲ್ಲಿಂದಲೋ ಎತ್ತಿಕೊಂಡದ್ದನ್ನು ಕನ್ನಡಕ್ಕೆ ತಿರುಗಿಸಿ, ವೇದಿಕೆಯ ಮೇಲೆ ನಿಂತು ಗಂಭೀರವಾಗಿ, "ನಮ್ಮ ಗುರುಗಳು ಗೂಬೆಯಂತೆ ಜ್ಞಾನಿಗಳು" ಎಂದ. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಪುಣ್ಯಕ್ಕೆ ಸನ್ಮಾನಿತರೇ ಮೊದಲು ನಕ್ಕು, "ಮೂವತ್ತು ವರ್ಷ ಪಾಠ ಹೇಳಿದ್ದಕ್ಕೆ ಇಷ್ಟಾದರೂ ಸಿಕ್ಕಿತಲ್ಲಪ್ಪ" ಎಂದರಂತೆ. ಗೆಳೆಯನ ತಪ್ಪೇನು? ಪ್ರಾಚೀನ ಅಥೆನ್ಸಿನಲ್ಲಿ ಗೂಬೆ ವಿದ್ಯಾಧಿದೇವತೆಯಾದ ಅಥೀನಾಳ ಪಕ್ಷಿ. ಆ ನಗರದ ನಾಣ್ಯಗಳ ಮೇಲೆಲ್ಲ ಅದರ ಚಿತ್ರವಿರುತ್ತಿತ್ತು. ಯುರೋಪಿನವರಿಗೆ ಅದು ಜ್ಞಾನಿ. ನಮ್ಮಲ್ಲಿ ಅದು ಮನೆಯ ಮೇಲೆ ಕೂತರೆ ಅಪಶಕುನ. ಮಾಡದ ತಪ್ಪನ್ನು ಒಬ್ಬನ ತಲೆಗೆ ಕಟ್ಟಿದರೆ 'ಗೂಬೆ ಕೂರಿಸಿದರು' ಎನ್ನುತ್ತೇವೆ. ಪಕ್ಷಿ ಒಂದೇ, ಎರಡು ನಾಡುಗಳಲ್ಲಿ ಎರಡು ಜನ್ಮ. ಇದರ ತಿರುವುಮುರುವೂ ಉಂಟು. ಹೆಣ್ಣನ್ನು 'ಗಜಗಮನೆ' ಎಂದು ನಮ್ಮ ಕವಿಗಳು ಕೊಂಡಾಡಿದರು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ನಿಮ್ಮ ನಡಿಗೆ ಆನೆಯ ನಡಿಗೆಯಂತಿದೆ ಎಂದು ಇಂಗ್ಲಿಷ್ ಮಹಿಳೆಯೊಬ್ಬಳಿಗೆ ಹೇಳಿ ನೋಡಿ. ಪರಿಣಾಮಕ್ಕೆ ನಾನು ಹೊಣೆಯಲ್ಲ.

ಹಾಗಾದರೆ ಇಂಗ್ಲಿಷಿನ ಹೋಲಿಕೆಗಳನ್ನು ನಾವು ಕಲಿಯಲೇಬಾರದೆ? ಖಂಡಿತವಾಗಿ ಕಲಿಯಬೇಕು. ಆದರೆ ಪಟ್ಟಿಯಾಗಿ ಅಲ್ಲ. ಅವುಗಳ ಹಿಂದಿರುವ ಬದುಕನ್ನು ತಿಳಿದು ಕಲಿಯಬೇಕು. ಒಂದೆರಡು ಉದಾಹರಣೆಗಳನ್ನು ನೋಡೋಣ.

'ಆ್ಯಸ್ ಪೂರ್ ಆ್ಯಸ್ ಎ ಚರ್ಚ್ ಮೌಸ್' ಎನ್ನುತ್ತಾರೆ. ಚರ್ಚಿನ ಇಲಿಯಷ್ಟು ಬಡವ ಎಂದರ್ಥ. ನಾನು ಇದನ್ನು ಬಾಯಿಪಾಠ ಮಾಡಿದಾಗ ಏನೂ ತಿಳಿಯಲಿಲ್ಲ. ದೇವಸ್ಥಾನದ ಇಲಿ ಬಡವಾಗಲು ಹೇಗೆ ಸಾಧ್ಯ? ನಮ್ಮೂರ ಗುಡಿಯ ಇಲಿಗೆ ಶನಿವಾರ ಪೊಂಗಲು, ಸೋಮವಾರ ಕಡಲೆ, ಹಬ್ಬದಲ್ಲಿ ತೆಂಗಿನಕಾಯಿಯ ಹೋಳು. ರಾಜಸ್ಥಾನದ ದೇಶನೋಕದ ಕರ್ಣಿಮಾತೆಯ ಗುಡಿಯಲ್ಲಂತೂ ಸಾವಿರಾರು ಇಲಿಗಳಿಗೆ ಹಾಲು, ಧಾನ್ಯ, ಸಿಹಿ ಇಟ್ಟು ಸಾಕುತ್ತಾರೆ. ನಮ್ಮ ವಿನಾಯಕನ ವಾಹನವಂತೂ ಮೋದಕದ ತಟ್ಟೆಯ ಪಕ್ಕದಲ್ಲಿಯೇ ಕೂತಿರುತ್ತದೆ. ಚರ್ಚಿನಲ್ಲಿ ಅಡುಗೆಮನೆಯಿಲ್ಲ, ಉಗ್ರಾಣವಿಲ್ಲ, ನೈವೇದ್ಯವಿಲ್ಲ ಎಂಬುದನ್ನು ಯಾರಾದರೂ ಒಂದು ಮಾತಿನಲ್ಲಿ ಹೇಳಿದ್ದರೆ ಆ ಇಲಿಯ ಹಸಿವು ನನಗೂ ಅರ್ಥವಾಗುತ್ತಿತ್ತು.

'ಆ್ಯಸ್ ಡೆಡ್ ಆ್ಯಸ್ ಎ ಡೋರ್‌ನೇಲ್' ಎಂಬುದು ಬಹಳ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಲ್ಯಾಂಗ್‌ಲೆಂಡನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿಯೇ ಅದು ಕಾಣಸಿಗುತ್ತದೆ. 1843ರಲ್ಲಿ ಡಿಕನ್ಸನು 'ಎ ಕ್ರಿಸ್ಮಸ್ ಕ್ಯಾರಲ್' ಬರೆದಾಗ, ಸತ್ತ ಮಾರ್ಲಿಯನ್ನು ಬಾಗಿಲ ಮೊಳೆಗೆ ಹೋಲಿಸಿ, ಬಾಗಿಲ ಮೊಳೆಯಲ್ಲಿ ಅಂಥ ಸಾವು ಏನಿದೆಯೋ ತನಗೂ ತಿಳಿಯದೆಂದು ಹಾಸ್ಯಮಾಡಿದ. ಮೊಳೆಯನ್ನು ಹಲಗೆಯ ಆಚೆಗೆ ದಾಟಿಸಿ, ತುದಿಯನ್ನು ಬಗ್ಗಿಸಿ ಬಡಿದುಬಿಟ್ಟರೆ ಅದನ್ನು ಮತ್ತೆ ಕಿತ್ತು ಬಳಸುವಂತಿಲ್ಲ. ಆದ್ದರಿಂದ ಅದು ಸತ್ತ ಮೊಳೆ ಎಂದು ಕೆಲವರು ವಿವರಿಸುತ್ತಾರೆ. ಈ ವಿವರಣೆಯನ್ನು ನಮ್ಮೂರ ಬಡಗಿ ಆಚಾರ್ರಿಗೆ ಹೇಳಿದೆ. ಅವರು ಇಂಗ್ಲಿಷಿನ ಒಂದಕ್ಷರವನ್ನೂ ಓದಿದವರಲ್ಲ. "ಹೌದು ಮತ್ತೆ, ಬಗ್ಗಿಸಿ ಬಡಿದ ಮೊಳೆ ಇನ್ನೆಲ್ಲಿ ಬದುಕುತ್ತೆ?" ಎಂದರು. ಆರು ನೂರು ವರ್ಷಗಳ ಹಿಂದಿನ ಇಂಗ್ಲಿಷ್ ಮಾತೊಂದು ನಮ್ಮೂರ ಬಡಗಿಗೆ ಒಂದು ನಿಮಿಷದಲ್ಲಿ ಅರ್ಥವಾಯಿತು. ಎಂಟನೆಯ ತರಗತಿಯಲ್ಲಿ ವರ್ಷವಿಡೀ ಓದಿದ ನಮಗೆ ಆಗಲಿಲ್ಲ.

ಇನ್ನು 'ಆ್ಯಸ್ ಮ್ಯಾಡ್ ಆ್ಯಸ್ ಎ ಹ್ಯಾಟರ್'. ಟೋಪಿ ಮಾಡುವವನಿಗೇಕೆ ಹುಚ್ಚು? ಹಿಂದೆ ಮೊಲ ಮುಂತಾದ ಪ್ರಾಣಿಗಳ ತುಪ್ಪಟದಿಂದ ಟೋಪಿಯ ಬಟ್ಟೆಯನ್ನು ಹದಮಾಡಲು ಪಾದರಸದ ಲವಣವನ್ನು ಬಳಸುತ್ತಿದ್ದರು. ಮುಚ್ಚಿದ ಕೋಣೆಗಳಲ್ಲಿ ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ಕೈಗಳು ನಡುಗುತ್ತಿದ್ದವು, ಮಾತು ತೊದಲುತ್ತಿತ್ತು, ಮನಸ್ಸು ಕೆರಳುತ್ತಿತ್ತು. ಈ ಮಾತಿನ ಮೂಲವನ್ನು ಬೇರೆ ರೀತಿಯಾಗಿ ಹೇಳುವವರೂ ಇದ್ದಾರೆ. ಆದರೆ ಆ ಕೆಲಸಗಾರರ ರೋಗ ಮಾತ್ರ ಸುಳ್ಳಲ್ಲ. 1865ರಲ್ಲಿ ಪ್ರಕಟವಾದ ಲೂಯಿ ಕ್ಯಾರಲನ 'ಆಲಿಸ್' ಕಥೆಯಿಂದ ಈ ಟೋಪಿಯವನು ಲೋಕಪ್ರಸಿದ್ಧನಾದ; ಮಾತು ಅದಕ್ಕಿಂತ ಮೊದಲೇ ಬಳಕೆಯಲ್ಲಿತ್ತು. ನಾವು ನಗುತ್ತ ಆಡುವ ಒಂದು ಹೋಲಿಕೆಯ ಹಿಂದೆ ವಿಷ ಉಸಿರಾಡಿ ಕೆಟ್ಟ ಬಡವರ ಬಾಳು ಇರಬಹುದು. ಇದನ್ನು ತಿಳಿದ ಮೇಲೆ ಆ ಮಾತನ್ನು ಮರೆಯುವುದು ಕಷ್ಟ; ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ.

ಎಲ್ಲ ಹೋಲಿಕೆಗಳಿಗೂ ಹೀಗೆ ಕಾರಣವಿದೆಯೆಂದು ಹೇಳಿದರೆ ತಪ್ಪಾದೀತು. ಬಹಳಷ್ಟು ಹೋಲಿಕೆಗಳನ್ನು ಆರಿಸಿಕೊಂಡದ್ದು ಕಿವಿ. ಕೂಲ್‌ಗೆ ಕುಕುಂಬರ್, ಬಿಜ಼ಿಗೆ ಬೀ, ಗುಡ್‌ಗೆ ಗೋಲ್ಡ್, ಫಿಟ್‌ಗೆ ಫಿಡಲ್, ಬೋಲ್ಡ್‌ಗೆ ಬ್ರಾಸ್, ಪ್ರೌಡ್‌ಗೆ ಪೀಕಾಕ್, ಡೆಡ್‌ಗೆ ಡೋರ್‌ನೇಲ್, ಅದು ಸಾಲದಿದ್ದರೆ ಡೋಡೋ. ಎಲ್ಲವೂ ಅನುಪ್ರಾಸದ ಜೋಡಿಗಳು. ಸೌತೆಕಾಯಿಯಲ್ಲಿ ಶೇಕಡಾ 95ರಷ್ಟು ನೀರಿದೆ, ಅದು ತಣ್ಣಗಿರುತ್ತದೆ ಎಂಬುದು ನಿಜ. ಆದರೆ ಕುಂಬಳಕಾಯಿಯೂ ತಣ್ಣಗಿರುತ್ತದೆ. ಅದರ ಇಂಗ್ಲಿಷ್ ಹೆಸರು 'ಕ'ಕಾರದಿಂದ ಆರಂಭವಾಗದೆ ಹೋದದ್ದೇ ಅದರ ದುರದೃಷ್ಟ. ಜಾನ್ ಗೇ ಎಂಬ ಕವಿ 1732ರಲ್ಲಿ ಬರೀ ಹೋಲಿಕೆಗಳನ್ನೇ ಪೋಣಿಸಿ ಒಂದು ವಿನೋದದ ಹಾಡು ಕಟ್ಟಿದ. ಸೌತೆಕಾಯಿ ಅದರಲ್ಲಿಯೂ ತಣ್ಣಗೆ ಕೂತಿದೆ. ಇನ್ನು ಕೆಲವು ಹೋಲಿಕೆಗಳು ಶುದ್ಧ ಸುಳ್ಳು. ಬಾವಲಿಯಷ್ಟು ಕುರುಡು ಎನ್ನುತ್ತಾರೆ; ಬಾವಲಿಗೆ ಕಣ್ಣು ಕಾಣುತ್ತದೆ. ಸ್ವಲ್ಪವೇ ತಿನ್ನುವವನನ್ನು ಹಕ್ಕಿಯ ಹಾಗೆ ತಿನ್ನುತ್ತಾನೆ ಎನ್ನುತ್ತಾರೆ. ಸಣ್ಣ ಹಕ್ಕಿಗಳು ತಮ್ಮ ಮೈತೂಕದೊಡನೆ ಹೋಲಿಸಿದರೆ ನಮಗಿಂತ ಎಷ್ಟೋ ಹೆಚ್ಚು ತಿನ್ನುತ್ತವೆ. ಭಾಷೆ ಪ್ರಾಣಿಶಾಸ್ತ್ರದ ಪರೀಕ್ಷೆಗೆ ಕೂರುವುದಿಲ್ಲ. ನಮ್ಮ ಹಾಲು ನೀರು ಬೇರ್ಪಡಿಸುವ ಹಂಸವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರದು.

ನಮ್ಮವರ ಆಡುಮಾತಿನ ಹೋಲಿಕೆಗಳ ಹೊಲಿಗೆಯೇ ಬೇರೆ. ಇಂಗ್ಲಿಷಿನ ಮಾತು ಒಂದು ವಸ್ತುವನ್ನು ಹೆಸರಿಸಿ ನಿಲ್ಲುವಲ್ಲಿ ನಮ್ಮ ಮಾತು ಅನೇಕವೇಳೆ ಒಂದು ಇಡೀ ಘಟನೆಯನ್ನೇ ಕಣ್ಣಮುಂದೆ ತರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಇಂಗ್ಲಿಷಿನಲ್ಲಿಯೂ ಇಂಥವು ಇಲ್ಲದಿಲ್ಲ. ಬಾತುಕೋಳಿಯ ಬೆನ್ನ ಮೇಲಿನ ನೀರಿನ ಹಾಗೆ ಎಂದು ಅವರು ಹೇಳುವಲ್ಲಿ ನಾವು ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಎನ್ನುತ್ತೇವೆ. ಎರಡು ವಸ್ತುಗಳಿಗೆ ಏನೇನೂ ಹೋಲಿಕೆಯಿಲ್ಲದಿದ್ದರೆ ಅವರು ಸೀಮೆಸುಣ್ಣ, ಗಿಣ್ಣನ್ನು ಹೋಲುವ ಚೀಸ್ ಎಂದು ಹೇಳಿದರೆ, ನಾವು ಆಡು ಆನೆಗಳನ್ನು ಕರೆತಂದು 'ಅಜಗಜಾಂತರ' ಎನ್ನುತ್ತೇವೆ. ನೀರಿನಿಂದ ಹೊರಗೆ ತೆಗೆದ ಮೀನು ಮಾತ್ರ ಎರಡು ಭಾಷೆಗಳಲ್ಲಿಯೂ ಒಂದೇ ರೀತಿ ಒದ್ದಾಡುತ್ತದೆ.

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ. ಅದಕ್ಕಾಗಿ ನಾನು ದಂಡ ತೆತ್ತಿದ್ದೇನೆ. ಕನ್ನಡದ 'ಆಗಿ' ಬೇರೆ, 'ಹಾಗೆ' ಬೇರೆ. ಗುರುವಾಗಿ ಹೇಳುತ್ತೇನೆ ಎನ್ನುವವನು ಗುರುವೇ; ಗುರುವಿನ ಹಾಗೆ ಹೇಳುತ್ತೇನೆ ಎನ್ನುವವನು ಗುರುವಲ್ಲ. ಇಂಗ್ಲಿಷಿನಲ್ಲಿ ಇಂಥ ಕಡೆ ಮೊದಲನೆಯದಕ್ಕೆ 'ಆ್ಯಸ್', ಎರಡನೆಯದಕ್ಕೆ 'ಲೈಕ್'. ಹೋಲಿಕೆಗಳ ಪಟ್ಟಿಯಲ್ಲೆಲ್ಲ 'ಆ್ಯಸ್' ಎಂದೇ ಓದಿದ್ದ ನಾನು ಹೋಲಿಕೆಯೆಂದರೆ 'ಆ್ಯಸ್' ಎಂದೇ ತಿಳಿದಿದ್ದೆ. ಹಾಸ್ಟೆಲಿಗೆ ಸೇರಿದ ಹೊಸತರಲ್ಲಿ ಒಂದು ಕಚೇರಿಗೆ ವಿದ್ಯಾರ್ಥಿವೇತನದ ಅರ್ಜಿ ಬರೆದೆ. ಊರು ಬಿಟ್ಟು ಬಂದು ಅನಾಥನ ಹಾಗೆ ಬದುಕುತ್ತಿದ್ದೇನೆ ಎಂಬುದು ನನ್ನ ಭಾವ; ಬರೆದದ್ದು 'ಆ್ಯಸ್ ಆ್ಯನ್ ಆರ್ಫನ್' ಎಂದು. ತಂದೆತಾಯಿಗಳ ಮರಣ ಪ್ರಮಾಣಪತ್ರಗಳನ್ನು ಲಗತ್ತಿಸಿಲ್ಲವೆಂದು ಅರ್ಜಿ ಹಿಂದಿರುಗಿತು. ವಿಚಾರಿಸಲು ನಾನು ಹೋದಾಗ ಅಪ್ಪನೂ ಜೊತೆಗಿದ್ದ. ಗುಮಾಸ್ತರು ಕಾಗದವನ್ನು ನೋಡಿ, "ನಿಮ್ಮ ತಂದೆ ತೀರಿಕೊಂಡು ಎಷ್ಟು ವರ್ಷವಾಯಿತು?" ಎಂದು ಕೇಳಿದರು. ಬೆಂಚಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಅಪ್ಪ, "ಇನ್ನೂ ಇಲ್ಲ ಸ್ವಾಮಿ" ಎಂದ. ಎಲ್ಲರೂ ನಕ್ಕೆವು. ಆದರೆ ಹಣ ಬಂದದ್ದು ನಾಲ್ಕು ತಿಂಗಳು ತಡವಾಗಿ. ಆ ನಾಲ್ಕು ತಿಂಗಳ ಊಟದ ಖರ್ಚಿಗೆ ಅವ್ವನ ಮಲ್ಲಿಗೆಯೇ ಆಧಾರವಾಯಿತು. ಈಚೆಗೆ ನಗರದ ತರುಣರ ಮಾತಿನಲ್ಲಿ 'ಲೈಕ್' ಎಂಬುದು ಹೋಲಿಕೆಯ ಕೆಲಸವನ್ನೇ ಬಿಟ್ಟು, ಎರಡು ಮಾತುಗಳ ನಡುವೆ ಉಸಿರು ಎಳೆದುಕೊಳ್ಳುವ ತಂಗುದಾಣವಾಗಿದೆ. ಅವರಿಗೆ ಆ ಶಬ್ದ ಅಷ್ಟು ಅಗ್ಗ. ನನಗೆ ಅದರ ಬೆಲೆ ನಾಲ್ಕು ತಿಂಗಳು.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ನಾವು ಕಷ್ಟಪಟ್ಟು ಬಾಯಿಪಾಠ ಮಾಡುವ ಈ ಹೋಲಿಕೆಗಳನ್ನು ಬರವಣಿಗೆಯಲ್ಲಿ ಬಳಸಬೇಡಿರೆಂದು ಇಂಗ್ಲಿಷಿನ ಒಳ್ಳೆಯ ಬರಹಗಾರರೇ ಹೇಳುತ್ತಾರೆ. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯನ್ನು ಕುರಿತು ಒಂದು ಪ್ರಬಂಧ ಬರೆದ. ಅದರ ಕೊನೆಯಲ್ಲಿ ಅವನು ಕೊಟ್ಟ ನಿಯಮಗಳಲ್ಲಿ ಮೊದಲನೆಯದೇ, ಅಚ್ಚಿನಲ್ಲಿ ಪದೇ ಪದೇ ಕಂಡ ರೂಪಕ, ಉಪಮೆಗಳನ್ನು ಬಳಸಬಾರದೆಂಬುದು. ಅವು ಬರೆಯುವವನಿಗೆ ಯೋಚಿಸುವ ಶ್ರಮವನ್ನು ತಪ್ಪಿಸುತ್ತವೆ ಎಂಬುದು ಅವನ ಆಕ್ಷೇಪಣೆ. ನಮ್ಮ ಪರೀಕ್ಷೆಯ ಪ್ರಬಂಧಗಳನ್ನು ನೋಡಿ. ಹತ್ತು ಜನ ಬರೆದರೆ ಹತ್ತರಲ್ಲಿಯೂ ತಾಯಿ ಜೇನುನೊಣದಷ್ಟು ಬಿಜ಼ಿ. ಯಾರ ತಾಯಿ? ಒಬ್ಬನ ತಾಯಿ ಬೀಡಿ ಕಟ್ಟುತ್ತಾಳೆ, ಒಬ್ಬಳ ತಾಯಿ ಗಾರ್ಮೆಂಟ್ ಕಾರ್ಖಾನೆಗೆ ಹೋಗುತ್ತಾಳೆ, ಇನ್ನೊಬ್ಬನ ತಾಯಿ ಕೂಲಿಗೆ ಹೋಗಿ ಕಳೆ ಕೀಳುತ್ತಾಳೆ. ಕಾಗದದ ಮೇಲೆ ಅವರೆಲ್ಲರೂ ಒಂದೇ ಜೇನುನೊಣವಾಗಿಬಿಡುತ್ತಾರೆ. ಇದನ್ನು ನಾನು ಭಾಷೆಯ ತಪ್ಪೆಂದು ಮಾತ್ರ ಎಣಿಸಲಾರೆ. ನಮ್ಮ ತಾಯಂದಿರಿಗೆ ನಾವು ಮಾಡುವ ಅನ್ಯಾಯವೆಂದೇ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ನಮ್ಮ ಹೋಲಿಕೆಗಳನ್ನು ತಂದರೆ ಭಾಷೆ ಕೆಡುತ್ತದೆಯೆ? ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲಿ ಪ್ರಕಟಿಸಿದ 'ಕಾಂತಾಪುರ'ದಲ್ಲಿ ಮಲೆನಾಡಿನ ಹಳ್ಳಿಯ ಅಜ್ಜಿಯೊಬ್ಬಳು ಊರಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ನಮ್ಮದಲ್ಲದ ನುಡಿಯಲ್ಲಿ ನಮ್ಮದೇ ಆದ ಚೇತನವನ್ನು ತರುವುದು ಹೇಗೆಂಬ ಪ್ರಶ್ನೆಯನ್ನು ಅದರ ಮುನ್ನುಡಿಯಲ್ಲಿ ರಾಜಾರಾವ್ ಎತ್ತಿದ್ದಾರೆ. ನೈಜೀರಿಯದ ಚಿನುವ ಅಚಿಬೆ 1958ರಲ್ಲಿ 'ಥಿಂಗ್ಸ್ ಫಾಲ್ ಅಪಾರ್ಟ್' ಬರೆದಾಗ ಇಂಗ್ಲೆಂಡಿನ ಹಿಮವನ್ನು ಎರವಲು ತರಲಿಲ್ಲ; ತನ್ನ ಜನರ ಯಾಮ್ ಗೆಣಸು, ತಾಳೆ ಎಣ್ಣೆ, ಅಲ್ಲಿನ ಒಣಗಾಳಿಗಳಿಂದಲೇ ಹೋಲಿಕೆಗಳನ್ನು ಕಟ್ಟಿದ. ಇಂದು ಆ ಎರಡು ಕೃತಿಗಳನ್ನೂ ಜಗತ್ತಿನ ವಿಶ್ವವಿದ್ಯಾನಿಲಯಗಳಲ್ಲಿ ಇಂಗ್ಲಿಷ್ ಸಾಹಿತ್ಯವೆಂದ ಓದುತ್ತಾರೆ.

ಇದಕ್ಕೆ ನಮ್ಮ ಇಂಗ್ಲಿಷ್ ಅಧ್ಯಾಪಕರೊಬ್ಬರು ನನ್ನೊಡನೆ ಮಾತನಾಡುತ್ತ ಎತ್ತಿದ ಆಕ್ಷೇಪಣೆಯನ್ನು ಮುಚ್ಚಿಡುವುದು ನ್ಯಾಯವಲ್ಲ. "ನುಡಿಗಟ್ಟು ಎಂಬುದು ಒಪ್ಪಂದ. ಡೋರ್‌ನೇಲ್ ಇದ್ದ ಕಡೆ ನೀನು ಕಿಟಕಿಯ ಚಿಲಕ ಇಟ್ಟರೆ ಅದು ಇಂಗ್ಲಿಷ್ ಆಗುವುದಿಲ್ಲ. ರಾಜಾರಾಯರು ನಿಯಮ ಮುರಿದದ್ದು ನಿಯಮವನ್ನು ಚೆನ್ನಾಗಿ ಬಲ್ಲವರಾದ್ದರಿಂದ" ಎಂದರು ಅವರು. ಈ ಮಾತನ್ನು ನಾನು ಒಪ್ಪುತ್ತೇನೆ. ನುಡಿಗಟ್ಟು ಕಲ್ಲಾಗಿ ಹೆಪ್ಪುಗಟ್ಟಿದ ಹೋಲಿಕೆ. ಅದನ್ನು ಕೇಳಿದಾಗ ತಿಳಿಯಬೇಕು, ಓದಿದಾಗ ಗುರುತಿಸಬೇಕು, ಅದರಲ್ಲಿ ಅಕ್ಷರವನ್ನೂ ಬದಲಾಯಿಸಬಾರದು. ಕೆಲವು ಹೋಲಿಕೆಗಳು ಗಡಿ ದಾಟುವುದಿಲ್ಲವೆಂಬುದಕ್ಕೆ ನನ್ನ ಗೆಳೆಯನ ಗೂಬೆಯೇ ಸಾಕ್ಷಿ. ಆದರೆ ವಿದ್ಯಾರ್ಥಿ ತಾನೇ ಕಂಡು ಹೇಳುವ ಹೋಲಿಕೆ ಬೇರೆ ಜಾತಿಯದು. ಅದಕ್ಕೆ ಬೇಕಾದದ್ದು ಎರಡೇ: ಅದು ನಿಜವಾಗಿರಬೇಕು, ಓದುವವನಿಗೆ ಹೊಳೆಯುವಂತಿರಬೇಕು. ಮಲ್ಲಿಗೆಯಷ್ಟು ಬಿಳಿ ಎಂದರೆ ಲಂಡನ್ನಿನವನಿಗೂ ಹೊಳೆಯುತ್ತದೆ. ಮಲ್ಲಿಗೆಯ ಜಾತಿಯ ಬಳ್ಳಿಯನ್ನು ಅಲ್ಲಿಯ ತೋಟಗಳಲ್ಲಿಯೂ ಬೆಳೆಸುತ್ತಾರೆ. ನಮ್ಮ ಪ್ರಶ್ನಪತ್ರಿಕೆಗಳು ಈ ಎರಡನ್ನೂ ಒಂದೇ ಗೆರೆಯ ಮೇಲೆ ತಂದು ಕೂರಿಸಿರುವುದೇ ತಪ್ಪು. ನುಡಿಗಟ್ಟು ತಿಳಿದಿದೆಯೋ ಎಂದು ನೋಡಬೇಕಾದರೆ ಅದರ ಅರ್ಥವನ್ನು ಕೇಳಲಿ. ಹೋಲಿಸುವ ಶಕ್ತಿ ಇದೆಯೋ ಎಂದು ನೋಡಬೇಕಾದರೆ ಗೆರೆಯನ್ನು ಖಾಲಿಬಿಟ್ಟು, ಏಕೆ ಹಾಗೆ ಹೋಲಿಸಿದೆ ಎಂದು ಒಂದು ವಾಕ್ಯ ಬರೆಯಿಸಲಿ.

ಕೇವಲ ದೂರಿ ಮುಗಿಸುವುದು ನನ್ನ ಉದ್ದೇಶವಲ್ಲ. ನಮ್ಮ ಕಾಲೇಜಿನಲ್ಲಿಯೇ ಆಗಬಹುದಾದ ಒಂದು ಸಣ್ಣ ಕೆಲಸವನ್ನು ಗುರುಗಳ ಮುಂದೆಯೂ ಸಹಪಾಠಿಗಳ ಮುಂದೆಯೂ ನಮ್ರತೆಯಿಂದ ಇಡುತ್ತೇನೆ. ನಮ್ಮಲ್ಲಿ ಪ್ರತಿಯೊಬ್ಬರೂ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರ ಬಾಯಿಂದ ಹತ್ತು ಹೋಲಿಕೆಗಳನ್ನು ಬರೆದುಕೊಂಡು ಬರೋಣ. ಜೊತೆಗೆ ಇಂಗ್ಲಿಷಿನ ಹತ್ತು ಹೋಲಿಕೆಗಳ ಕಥೆಯನ್ನು ಹುಡುಕೋಣ. ಕನ್ನಡ, ಇಂಗ್ಲಿಷ್ ವಿಭಾಗಗಳು ಸೇರಿ ಇವನ್ನು ಗೋಡೆಪತ್ರಿಕೆಯಲ್ಲಿ ಎದುರು ಬದುರಾಗಿ ಹಾಕಲಿ. ಖರ್ಚು ನಾಲ್ಕು ಹಾಳೆ ಕಾಗದ. ನಮ್ಮಜ್ಜಿ ಬದುಕಿದ್ದಾಗ ಈ ಬುದ್ಧಿ ನನಗೆ ಬರಲಿಲ್ಲ. ಅವಳ ಮಾತಿನಲ್ಲಿ ಎರಡಕ್ಕೊಂದು ಹೋಲಿಕೆ ಇರುತ್ತಿತ್ತು. ನನಗೆ ಈಗ ನೆನಪಿರುವುದು ಐದಾರು ಮಾತ್ರ. ಇಂಗ್ಲಿಷಿನ ಪಟ್ಟಿ ಮಾತ್ರ ಇಂದಿಗೂ ಪೂರ್ತಿ ಬಾಯಿಗೆ ಬರುತ್ತದೆ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಈ ಲೇಖನದ ವಿಚಾರವನ್ನು ಅವ್ವನಿಗೆ ಹೇಳಿದೆ. ಎಲ್ಲವೂ ಸರಿಯಾಗಿದೆ ಎನ್ನಲು ಇಂಗ್ಲಿಷಿನವರು 'ಆ್ಯಸ್ ರೈಟ್ ಆ್ಯಸ್ ರೇನ್', ಎಂದರೆ ಮಳೆಯಷ್ಟು ಸರಿಯಾಗಿದೆ, ಎನ್ನುತ್ತಾರೆಂದು ವಿವರಿಸಿದೆ. ಹೂ ಕಟ್ಟುತ್ತಿದ್ದ ಅವಳ ಕೈ ನಿಂತಿತು. "ಅವರೂ ನಮ್ಮಂಗೆ ಬೆದ್ದಲು ಹೊಲದೋರೇನ್ಲಾ?" ಎಂದು ಕೇಳಿದಳು. ಇಲ್ಲವ್ವ, ಅಲ್ಲಿ ವರ್ಷವಿಡೀ ಮಳೆ ಜಿನುಗುತ್ತಲೇ ಇರುತ್ತದೆ, ಮಳೆ ಬಂದರೆ ಅವರು ಗೊಣಗುತ್ತಾರೆ ಎಂದೆ. "ಹಂಗಾದ್ರೆ ಆ ಮಾತು ಅವರದಲ್ಲ ಕಣ್ಲಾ, ನಮ್ಮದು" ಎಂದು ಹೇಳಿ ಮತ್ತೆ ಕಟ್ಟತೊಡಗಿದಳು.

ಅವಳ ತೀರ್ಮಾನವನ್ನು ಭಾಷಾವಿದ್ವಾಂಸರು ಒಪ್ಪಲಾರರು. ರೈಟ್, ರೇನ್ ಎರಡೂ ಒಂದೇ ಅಕ್ಷರದಿಂದ ಆರಂಭವಾದದ್ದೇ ಆ ಜೋಡಿಗೆ ಕಾರಣವಿರಬಹುದು. ಆದರೆ ಆ ಇಂಗ್ಲಿಷ್ ಮಾತಿನ ಒಳಕ್ಕೆ ಅವಳು ಹೊಕ್ಕಷ್ಟು ದೂರ ನಾನು ಪಟ್ಟಿ ಹಿಡಿದು ಎಂದೂ ಹೋಗಿರಲಿಲ್ಲ. ಎಂಟನೆಯ ತರಗತಿಯ ಆ ಪ್ರಶ್ನಪತ್ರಿಕೆ ಇಂದು ಮತ್ತೆ ಕೈಗೆ ಬಂದರೆ ಗೆರೆಯ ಮೇಲೆ 'ಸ್ನೋ' ಎಂದು ಬರೆಯುತ್ತೇನೆ. ಅದು ಅವರ ಮಾತು, ಅದನ್ನು ತಿಳಿದಿರಬೇಕು. ಅದರ ಕೆಳಗೆ, ಕೇಳದಿದ್ದರೂ, 'ಜಾಸ್ಮಿನ್' ಎಂದೂ ಬರೆಯುತ್ತೇನೆ. ಅಂಕ ಕೊಡುವುದು ಬಿಡುವುದು ಪರೀಕ್ಷಕರಿಗೆ ಸೇರಿದ್ದು.

(ಅಂತಿಮ ಬಿ.ಎ. ವಿದ್ಯಾರ್ಥಿ)